ಸಂಜೆ ಕಾಲಮ್ಮಿನ ಸಹಿ

ಲಿಫ್ಟ್ ಮೆಕ್ಯಾನಿಕ್ಕುಗಳು ಅವನಿಗೆ ಇಟ್ಟಿದ್ದ ಹೆಸರು ಭೂತಗನ್ನಡಿ. ಎದುರಿಗೆ ಸಾರ್, ಬೆನ್ನು ತಿರುಗಿದ ಕೂಡಲೇ ಭೂತಗನ್ನಡಿ. ಅವನಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಮುಖ ಬಿಗಿದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದ. ಇಪ್ಪತ್ತೆಂಟನೆಯ ವಯಸ್ಸಿಗೆ ಲಿಫ್ಟ್ ಇನ್ಸ್‌ಪೆಕ್ಟರ್ ಆದವನಿಗೆ ತಲೆ ನರೆತ ಮೆಕ್ಯಾನಿಕ್ಕುಗಳು ಹೆದರುತ್ತಾರೆ ಅಂದರೆ ಯಾರಿಗೆ ತಾನೇ ಹಿಗ್ಗಾಗುವುದಿಲ್ಲ?

ಅವರು ಹೆದರುತ್ತಿದ್ದದ್ದು ಅವನ ಕಣ್ಣಿಗೆ. ಪ್ರತಿ ಕಟ್ಟಡದ ನೆತ್ತಿಯಲ್ಲಿ ಲಿಫ್ಟಿನ ಮೋಟರ್ ಕೋಣೆ ಇರುತ್ತದೆ, ಅದರ ಗೋಡೆಗೆ ದಾರ ಕಟ್ಟಿ ತೂಗುಬಿಟ್ಟ ಒಂದು ರಿಜಿಸ್ಟರ್ ಇರುತ್ತದೆ. ವಾರಕ್ಕೊಮ್ಮೆ ಮೆಕ್ಯಾನಿಕ್ ಬಂದು ಬ್ರೇಕು, ಉಕ್ಕಿನ ಹಗ್ಗ, ಬಾಗಿಲು ಎಲ್ಲ ನೋಡಿ ಅದರಲ್ಲಿ ಸಹಿ ಹಾಕಬೇಕು. ಮೈಗಳ್ಳರು ಮಾಡುವುದೇನೆಂದರೆ, ಎಲ್ಲೋ ಒಂದು ದಿನ ಬಂದು ಮೂರು ತಿಂಗಳ ಸಹಿಯನ್ನು ಒಂದೇ ಉಸಿರಿಗೆ ಗೀಚಿ ಹೋಗುವುದು. ಉಳಿದ ಇನ್ಸ್‌ಪೆಕ್ಟರುಗಳು ಸಹಿ ಇದೆಯಾ ಅಂತ ನೋಡಿದರೆ ಇವನು ಸಹಿ ಹೇಗಿದೆ ಅಂತ ನೋಡುತ್ತಿದ್ದ. ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓರೆ ಕಂಡರೆ ಮುಗಿಯಿತು. ನಿಜವಾಗಿ ವಾರ ವಾರ ಬರೆದ ರಿಜಿಸ್ಟರಿನಲ್ಲಿ ಗ್ರೀಸಿನ ಹೆಬ್ಬೆಟ್ಟು ಇರುತ್ತದೆ, ಅವಸರ ಇರುತ್ತದೆ, ಒಂದು ವಾರದ ಸಹಿ ಇನ್ನೊಂದು ವಾರದ್ದನ್ನು ಹೋಲುವುದಿಲ್ಲ. ಸುಳ್ಳು ರಿಜಿಸ್ಟರ್ ಇಸ್ತ್ರಿ ಮಾಡಿದ ಅಂಗಿಯ ಹಾಗೆ ನೀಟಾಗಿರುತ್ತದೆ. ಅಂಥದ್ದು ಸಿಕ್ಕಿದರೆ ಆ ಲಿಫ್ಟಿಗೆ ಕೆಂಪು ಪಟ್ಟಿ ಅಂಟಿಸಿ, ಬೀಗ ಹಾಕಿಸಿಯೇ ಅವನು ಕೆಳಗಿಳಿಯುತ್ತಿದ್ದದ್ದು, ಅದೂ ಮೆಟ್ಟಿಲಲ್ಲಿ.

ಆ ವರ್ಷ ಎಲ್ಲೋ ಒಂದು ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿ ಜಾರಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಪೇಪರಿನಲ್ಲಿ ಬಂತು. ಮೂರು ತಿಂಗಳೊಳಗೆ ಊರಿನ ಎಲ್ಲ ಲಿಫ್ಟುಗಳ ತಪಾಸಣೆ ಮುಗಿಯಬೇಕು ಅಂತ ಮೇಲಿನಿಂದ ಆದೇಶ ಬಂತು. ಇವನ ಪಾಲಿಗೆ ಮುನ್ನೂರ ಹತ್ತು. ಇವನು ಒಂದನ್ನೂ ಅರ್ಧ ನೋಡುವವನಲ್ಲ. ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತೂವರೆಗೆ ಬರುತ್ತಿದ್ದ. ಹೀಗೆ ದುಡಿಯುವವರ ಬಗ್ಗೆ ಜನ ಒಳ್ಳೆಯ ಮಾತನ್ನೇ ಆಡುತ್ತಾರೆ. ಅದೇ ತೊಂದರೆ.

ಮನೆಯಲ್ಲಿ ತಂದೆ, ತಾಯಿ, ಇವನು. ತಂದೆ ನಿವೃತ್ತ ಸ್ಕೂಲ್ ಮೇಷ್ಟ್ರು, ಈಗಲೂ ಬೀದಿಯಲ್ಲಿ ಎಲ್ಲರಿಗೂ ಮೇಷ್ಟ್ರೇ. ನಾಲ್ಕು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು. ಎರಡು ತಿಂಗಳು ಆಸ್ಪತ್ರೆಯಲ್ಲಿ ಕಳೆದು ಮನೆಗೆ ಬಂದಾಗ ಫಿಸಿಯೋಥೆರಪಿಯ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: "ಮೊದಲ ಆರು ತಿಂಗಳಲ್ಲಿ ಕೈ ಎಷ್ಟು ಬರುತ್ತೋ ಹೆಚ್ಚುಕಮ್ಮಿ ಅಷ್ಟೇ. ಆಮೇಲೆ ಎಷ್ಟು ತಿಣುಕಿದರೂ ಚೂರುಪಾರು." ಎರಡು ತಿಂಗಳು ಆಗಲೇ ಕಳೆದಿತ್ತು, ಇನ್ನು ನಾಲ್ಕು ಉಳಿದಿತ್ತು.

ಆಗ ಚಾರ್ಟ್ ಮಾಡಿದವನು ಇವನೇ. ತಿಂಗಳಿಗೊಂದು ಹಾಳೆ, ದಿನಕ್ಕೆ ಮೂರು ಕಾಲಂ. ಬೆಳಗಿನ ವ್ಯಾಯಾಮ ಏಜೆನ್ಸಿಯಿಂದ ಬರುವ ನರ್ಸಮ್ಮನದು, ಕಾಲು ಮತ್ತು ನಡಿಗೆ. ಮಧ್ಯಾಹ್ನದ್ದು ತಾಯಿಯದು, ಜೇಡಿಮಣ್ಣಿನ ಉಂಡೆ ಹಿಸುಕಿಸಿ ಬೆರಳಿಗೆ ಕೆಲಸ ಕೊಡುವುದು. ಸಂಜೆ ಆರರಿಂದ ಇಪ್ಪತ್ತು ನಿಮಿಷ ಭುಜ. ಅದಕ್ಕೆ ಒಬ್ಬರು ನಿಂತು ತೋಳನ್ನು ಹಿಡಿದು ಮೇಲೆತ್ತಬೇಕು. ಮೇಷ್ಟ್ರು ಆರಡಿ ಆಳು, ತಾಯಿಗೆ ಸೊಂಟನೋವು. ಹಾಗಾಗಿ ಅದು ಮಗನ ಪಾಲು. ಭಾನುವಾರ ಮಾತ್ರ ಭುಜಕ್ಕೂ ರಜೆ. ಮಾಡಿದವರು ಮಾಡಿದ ಕೂಡಲೇ ಸಹಿ ಹಾಕಬೇಕು ಅಂತ ಹಾಳೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದವನೂ ಇವನೇ. ಹಾಳೆಯನ್ನು ಪ್ಯಾಡಿಗೆ ಸಿಕ್ಕಿಸಿ ಅಪ್ಪನ ಕೋಣೆಯ ಮೊಳೆಗೆ ನೇತುಹಾಕಿದ.

ಮೊದಲ ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಇವನು ಆರಕ್ಕೆ ಮುಂಚೆ ಓಡಿ ಬರುತ್ತಿದ್ದ, ತಾಯಿ ಗೇಟಿನಲ್ಲಿ ಎದುರಾಗಿ, "ಬಂದ್ಯಾ, ನೋಡ್ಕೋ" ಅಂದು ತನ್ನ ಅಕ್ಕನ ಜೊತೆ ಪಾರ್ಕಿಗೆ ಹೊರಡುತ್ತಿದ್ದಳು. ಇಡೀ ದಿನದಲ್ಲಿ ಅವಳದ್ದು ಅಂತ ಇದ್ದದ್ದು ಅದೊಂದು ಗಂಟೆ. ಇವನು ಅಪ್ಪನ ಭುಜ ಮುಗಿಸಿ, ಬಾಕಿ ಕೆಲಸಕ್ಕೆ ಮತ್ತೆ ಆಫೀಸಿಗೆ ಹೋಗುತ್ತಿದ್ದ. ಎರಡನೆಯ ವಾರದ ಸೋಮವಾರ ಅಪ್ಪನಿಗೆ ಫೋನ್ ಮಾಡಿ, "ಇವತ್ತೊಂದು ದಿನ ಆಗಲ್ಲಪ್ಪ, ನಾಳೆ ಖಂಡಿತ" ಅಂದ. ಅಪ್ಪ "ಆಗಲಿ" ಅಂದರು. ಮಂಗಳವಾರವೂ ಅದೇ ಮಾತು, ಅದೇ ಉತ್ತರ. ಬುಧವಾರ ಫೋನ್ ಮಾಡುವುದೂ ಮರೆತುಹೋಯಿತು. ಆಮೇಲೆ ನಾಳೆ ಅನ್ನುವುದು ಬರಲೇ ಇಲ್ಲ. ಅಮ್ಮ ಹೇಗೋ ನೋಡಿಕೊಂಡಿರುತ್ತಾಳೆ ಅಂತ ಅಂದುಕೊಂಡ. ಸೊಂಟನೋವಿನ ಅಮ್ಮ ಆರಡಿಯ ಅಪ್ಪನ ತೋಳನ್ನು ಹೇಗೆ ಎತ್ತುತ್ತಾಳೆ ಅನ್ನುವುದನ್ನು ಮಾತ್ರ ಈ ಭೂತಗನ್ನಡಿ ಪರೀಕ್ಷೆ ಮಾಡಲಿಲ್ಲ.

ಒಂದೆರಡು ಸಲ ಊಟಕ್ಕೆ ಬಡಿಸುತ್ತಾ ತಾಯಿ, "ಪಾಪ, ದಿನಕ್ಕೆ ಎರಡೆರಡು ಸಲ ಓಡಾಡ್ತೀಯ" ಅಂದಿದ್ದಳು. ಇವನಿಗೆ ಅದು ಚುಚ್ಚುಮಾತು ಅನ್ನಿಸಿತು. ತಾನು ಬರುತ್ತಿಲ್ಲ ಅನ್ನುವುದನ್ನೇ ಹೀಗೆ ತಿರುವಿ ಹೇಳುತ್ತಿದ್ದಾಳೆ ಅಂದುಕೊಂಡು, ತಟ್ಟೆ ನೋಡುತ್ತಾ ಊಟ ಮುಗಿಸಿ ಎದ್ದುಬಿಟ್ಟ.

ಹೀಗಿರುವಾಗ, ಚಾರ್ಟ್ ಶುರುವಾಗಿ ಎರಡು ತಿಂಗಳಾಗಿದ್ದಾಗ, ಒಂದು ಶನಿವಾರ ಬೆಳಗ್ಗೆ ಹನ್ನೊಂದನೆಯ ಮಹಡಿಯ ಮೋಟರ್ ಕೋಣೆಯಲ್ಲಿ ಅವನ ಫೋನು ರಿಂಗಾಯಿತು. ವಾರಕ್ಕೊಮ್ಮೆ ಬಂದು ಅಪ್ಪನನ್ನು ನೋಡಿ ಹೋಗುವ ಫಿಸಿಯೋ ಮೇಡಂ.

"ನಿಮ್ಮಂಥ ಮಗ ಎಲ್ಲರಿಗೂ ಇರಲ್ಲ ಬಿಡಿ," ಅಂದರು. "ಇಷ್ಟು ವಾರದಲ್ಲಿ ಸಂಜೆ ಒಂದೇ ಒಂದು ದಿನ ತಪ್ಪಿಸಿಲ್ಲ ನೀವು. ನಾನು ಎಲ್ಲ ಮನೆಯವರಿಗೂ ನಿಮ್ಮ ಚಾರ್ಟನ್ನೇ ತೋರಿಸ್ತೀನಿ."

ಅವನು ಕೈಯಲ್ಲಿದ್ದ ರಿಜಿಸ್ಟರನ್ನು ಮುಚ್ಚಿದ.

"ಬೆರಳು ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ಬರ್ತಿದೆ. ಭುಜ ಮಾತ್ರ ಯಾಕೋ ಬಿಗೀತಾ ಇದೆ. ಅದು ನಿಮ್ಮ ಪಾಲಿಂದಲ್ವಾ? ಪೂರ್ತಿ ಇಪ್ಪತ್ತು ನಿಮಿಷ ಮಾಡ್ತಿದ್ದೀರಿ ತಾನೆ?"

"ಮಾಡ್ತಿದ್ದೀನಿ ಮೇಡಂ," ಅಂದ. ಬಾಯಿಂದ ಹಾಗೇ ಬಂದುಬಿಟ್ಟಿತು.

ಫೋನ್ ಇಟ್ಟ ಮೇಲೆ ಅವನಿಗೆ ಆದದ್ದು ನಾಚಿಕೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದದ್ದು ಸಿಟ್ಟು. ಯಾರೋ ತನ್ನ ಸಹಿ ಹಾಕುತ್ತಿದ್ದಾರೆ! ಊರಿನ ಸುಳ್ಳು ಸಹಿಗಳನ್ನೆಲ್ಲ ಹಿಡಿಯುವವನ ಸಹಿಯನ್ನೇ, ಅವನ ಮನೆಯಲ್ಲೇ!

ಸೋಮವಾರ ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅವನು ಅವರ ಕೋಣೆಗೆ ನುಗ್ಗಿ ಪ್ಯಾಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಸಂಜೆಯ ಕಾಲಮ್ಮಿನಲ್ಲಿ ತಿಂಗಳುದ್ದಕ್ಕೂ ತನ್ನದೇ ಸಹಿ: ಹೆಸರಿನ ಮೊದಲಕ್ಷರ, ಅದರ ಬಾಲಕ್ಕೆ ಒಂದು ಗೆರೆ, ಕೆಳಗೆ ಎರಡು ಚುಕ್ಕೆ. ಒಂದು ದಿನ ನೀಲಿ, ಒಂದು ದಿನ ಕಪ್ಪು, ನಡುವೆ ಎಲ್ಲೋ ಹಸಿರು. ಒತ್ತು ಬೇರೆ ಬೇರೆ, ಓರೆ ಬೇರೆ ಬೇರೆ. ಒಂದೇ ಸಲ ಕೂತು ಗೀಚಿದ್ದಲ್ಲ ಇದು, ದಿನಾ ತಪ್ಪದೆ ಹಾಕಿದ್ದು. ಇಷ್ಟು ನಿಯತ್ತಿನ ಸುಳ್ಳನ್ನು ಅವನು ಸರ್ವಿಸ್ಸಿನಲ್ಲೇ ನೋಡಿರಲಿಲ್ಲ. ಗೆರೆಯಲ್ಲಿ ಸಣ್ಣ ನಡುಕ ಇತ್ತು. ಕದ್ದು ಸಹಿ ಹಾಕುವವರ ಕೈ ನಡುಗುತ್ತದೆ ಅನ್ನುವುದು ಅವನಿಗೆ ಕಂಠಪಾಠ.

ಬಣ್ಣ ಬಣ್ಣದ ಶಾಯಿ ಅಂದ ಕೂಡಲೇ ಅವನಿಗೆ ನರ್ಸಮ್ಮನ ಕೊರಳು ನೆನಪಾಯಿತು. ದಾರದಲ್ಲಿ ಒಂದು ದಪ್ಪ ಪೆನ್ನು ನೇತುಹಾಕಿಕೊಂಡು ಓಡಾಡುತ್ತಾಳೆ, ಒತ್ತಿದರೆ ನಾಲ್ಕು ಬಣ್ಣ. ಬೆಳಗ್ಗೆ ಎಂಟರಿಂದ ಎರಡರವರೆಗೆ ಅವಳದೇ ರಾಜ್ಯ. ಚಾರ್ಟಿನಲ್ಲಿ ಖಾಲಿ ಕಂಡರೆ ಏಜೆನ್ಸಿಯವರು ಅವಳನ್ನೇ ಕೇಳುತ್ತಾರೆ. ಉದ್ದೇಶ ಇದೆ, ಅವಕಾಶ ಇದೆ, ಪೆನ್ನಂತೂ ಇದ್ದೇ ಇದೆ. ಅವನ ಮಟ್ಟಿಗೆ ತನಿಖೆ ಮುಗಿಯಿತು.

ಆದರೆ ಕೇಳುವುದು ಹೇಗೆ? "ನನ್ನ ಸಹಿ ನೀವ್ಯಾಕೆ ಹಾಕಿದ್ರಿ" ಅಂದರೆ "ನೀವ್ಯಾಕೆ ಹಾಕಲಿಲ್ಲ" ಅನ್ನುತ್ತಾಳೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ದಿನ ಅರ್ಧ ಗಂಟೆ ತಡ ಮಾಡಿ, ಅವಳು ಬರುವ ತನಕ ಬೂಟಿನ ದಾರ ಕಟ್ಟುತ್ತಲೇ ಕೂತ.

"ಏನ್ ಸಿಸ್ಟರ್, ಚಾರ್ಟೆಲ್ಲ ಸರಿಯಾಗಿ ನಡೀತಿದೆಯಾ?"

"ನನ್ನ ಕಾಲಂ ನಾನು ತಪ್ಪಿಸಲ್ಲ ಸಾರ್," ಅಂದಳು ನರ್ಸಮ್ಮ. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾ ತಿರುಗಿ, "ನಿಮ್ಮದೂ ತಪ್ಪಿಲ್ವಲ್ಲ," ಅಂತ ಸೇರಿಸಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಅವಳು ಸಹಜವಾಗಿ ಅಂದ ಮಾತು ಇವನಿಗೆ ಬೆದರಿಕೆಯಾಗಿ ಕೇಳಿಸಿತು. ನೀನು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ ಅನ್ನುವ ಹಾಗೆ.

ಹೊರಡುವ ಮುಂಚೆ ಚಾರ್ಟಿನ ಫೋಟೋ ತೆಗೆದುಕೊಂಡ. ಅದರಲ್ಲಿ ಸೋಮವಾರದ ಸಂಜೆಯ ಚೌಕ ಖಾಲಿ. ರಾತ್ರಿ ಬಂದು ನೋಡಿದರೆ ಸಹಿ ಬಿದ್ದಿದೆ, ನೀಲಿಯಲ್ಲಿ. ಎರಡು ಗಂಟೆಗೆ ಹೋಗುವವಳು ಆರು ಗಂಟೆಯ ಕೆಲಸಕ್ಕೆ ಮುಂಗಡವಾಗಿ ಸಹಿ ಹಾಕಿದ್ದಾಳೆ ಅಂತ ಅವನ ತೀರ್ಮಾನ. ಹಳೆಯ ದಿನಕ್ಕೆ ಸಹಿ ಹಾಕುವ ಮೆಕ್ಯಾನಿಕ್ಕುಗಳನ್ನು ಅವನು ಕಂಡಿದ್ದ, ಮುಂದಿನದಕ್ಕೆ ಹಾಕುವಷ್ಟು ಧೈರ್ಯ ಅವರಿಗೂ ಇರಲಿಲ್ಲ. ಮಂಗಳವಾರ ಏಜೆನ್ಸಿಗೆ ಫೋನ್ ಮಾಡಿ, ಕಾರಣ ಬಿಡಿಸಿ ಹೇಳದೆ, "ದಾಖಲೆ ವಿಷಯದಲ್ಲಿ ನಂಬಿಕೆ ಸಾಲ್ತಿಲ್ಲ, ಬೇರೆಯವರನ್ನು ಕಳಿಸಿ" ಅಂದ. ಏಜೆನ್ಸಿಯವರು ಮರುದಿನದಿಂದಲೇ ನರ್ಸಮ್ಮನನ್ನು ನಿಲ್ಲಿಸಿದರು. ಬೇರೆಯವರು ಸಿಗುವುದಕ್ಕೆ ಒಂದು ವಾರ ಆಗುತ್ತದೆ ಅಂದರು.

ಬುಧವಾರ ಮಧ್ಯಾಹ್ನ ತಾಯಿಯ ಫೋನು. "ಸಿಸ್ಟರ್ ಬರಲೇ ಇಲ್ಲ ಕಣೋ. ಫೋನ್ ಮಾಡಿದರೆ ಅಳ್ತಾಳೆ. ಯಾರೋ ಅವಳ ಮೇಲೆ ಚಾಡಿ ಹೇಳಿದ್ದಾರಂತೆ. ಯಾವ ಪುಣ್ಯಾತ್ಮನೋ ಏನೋ."

ಪುಣ್ಯಾತ್ಮ ಕೆಲಸ ಇದೆ ಅಂತ ಫೋನ್ ಇಟ್ಟ. ಆ ರಾತ್ರಿ ಬಂದವನೇ ಮೊದಲು ಚಾರ್ಟ್ ನೋಡಿದ. ಬುಧವಾರದ ಸಂಜೆಯ ಚೌಕದಲ್ಲಿ ಸಹಿ ಇತ್ತು. ಈ ಸಲ ಪೆನ್ಸಿಲಿನಲ್ಲಿ.

ಅಂದರೆ ನರ್ಸಮ್ಮ ಅಲ್ಲ. ಹಾಗಾದರೆ ಮನೆಯಲ್ಲಿ ಉಳಿದವಳು ತಾಯಿ ಒಬ್ಬಳೇ. ಪಾಪ, ಎರಡೆರಡು ಸಲ ಓಡಾಡ್ತೀಯ ಅಂತ ಹಂಗಿಸುವುದು ಬೇರೆ, ಹಿಂದಿನಿಂದ ತನ್ನ ಸಹಿ ಹಾಕುವುದು ಬೇರೆ. ಯಾಕೆ? ಏನನ್ನು ಮುಚ್ಚಿಡುವುದಕ್ಕೆ? ಒಂದು ಸಲ ಸಂಶಯ ಹತ್ತಿದ ಮನಸ್ಸಿಗೆ ಹೆತ್ತ ತಾಯಿಯೂ ಮೆಕ್ಯಾನಿಕ್ಕೇ. ಬಾಯಿ ಬಿಟ್ಟು ಕೇಳುವ ಹಾಗೆ ಇಲ್ಲದ ಮೇಲೆ ಕೈಯಾರೆ ಹಿಡಿಯುವುದೊಂದೇ ದಾರಿ. ಹಿಡಿಯಬೇಕಾದರೆ ಸಂಜೆ ಆರಕ್ಕೆ ಮನೆಯಲ್ಲಿರಬೇಕು. ಅಪ್ಪನ ತೋಳಿಗೋಸ್ಕರ ಏಳು ವಾರದಿಂದ ಸಿಗದಿದ್ದ ಬಿಡುವು ಕಳ್ಳನನ್ನು ಹಿಡಿಯುವುದಕ್ಕೆ ಒಂದೇ ದಿನದಲ್ಲಿ ಸಿಕ್ಕಿತು ನೋಡಿ!

ಗುರುವಾರ ಐದು ಗಂಟೆಗೆ ಬ್ಯಾಗ್ ಹೆಗಲಿಗೇರಿಸಿದಾಗ ಆಫೀಸಿನಲ್ಲಿ ಎಲ್ಲರೂ ತಲೆ ಎತ್ತಿದರು.

"ಎಲ್ಲಿಗೆ?" ಅಂದರು ಮುಖ್ಯ ಇನ್ಸ್‌ಪೆಕ್ಟರು.

"ಮನೆಗೆ ಸಾರ್."

"ಮನೆಗೆ?" ಅವರು ಗಡಿಯಾರ ನೋಡಿದರು, ಇವನ ಅಂಗಿ ನೋಡಿದರು, ಮತ್ತೆ ಗಡಿಯಾರ ನೋಡಿದರು. "ಬೇರೆ ಕಡೆ ಇಂಟರ್‌ವ್ಯೂ ಗಿಂಟರ್‌ವ್ಯೂ ಇದ್ದರೆ ಮುಂಚೆನೇ ಹೇಳಿಬಿಡಿ. ನನಗೆ ಬೆನ್ನ ಹಿಂದೆ ನಡೆಯೋದು ಆಗಿಬರಲ್ಲ."

ಆಣೆ ಪ್ರಮಾಣ ಮಾಡಿದರೂ ಅವರು ನಂಬಿದ ಹಾಗೆ ಕಾಣಲಿಲ್ಲ.

ಮನೆಯ ಬೀದಿಗೆ ತಿರುಗುವಾಗ ಐದು ಐವತ್ತು. ಎದುರಿಗೆ ತಾಯಿ ಬರುತ್ತಿದ್ದಳು. ಅವನು ಬೀದಿಬದಿ ನಿಲ್ಲಿಸಿದ್ದ ಒಂದು ವ್ಯಾನಿನ ಹಿಂದೆ ಸರಿದುಕೊಂಡ. ಅವಳು ಕೈ ಬೀಸಿಕೊಂಡು ಸರಸರ ನಡೆಯುತ್ತಿದ್ದಳು, ಮನೆಯೊಳಗೆ ಕಾಣದ ಚುರುಕು ಅವಳ ಕಾಲಿನಲ್ಲಿತ್ತು. ಅವಳು ಮೂಲೆ ತಿರುಗಿದ ಮೇಲೆ ಅವನಿಗೆ ಹೊಳೆಯಿತು: ಅಮ್ಮ ಹೊರಗೆ ಹೋದಳು, ನರ್ಸಮ್ಮ ಬರುತ್ತಿಲ್ಲ. ಹಾಗಾದರೆ ಮನೆಯಲ್ಲಿ ಅಪ್ಪನ ಜೊತೆ ಇರುವವರು ಯಾರು?

ತನ್ನ ಬೀಗದ ಕೈಯಿಂದ ಸದ್ದಾಗದ ಹಾಗೆ ಬಾಗಿಲು ತೆಗೆದ. ಅಪ್ಪನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಷ್ಟ್ರು ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ಗೋಡೆಯ ಗಡಿಯಾರ ಆರಾಗುವುದನ್ನು ನೋಡಿದರು. ಕೋಲು ಊರಿ ಎದ್ದರು. ಮೊಳೆಯ ತನಕ ನಾಲ್ಕು ಹೆಜ್ಜೆ. ಎಡಗೈಯಲ್ಲಿ ಕೋಲು, ಬಲಗೈ ಪಕ್ಕದಲ್ಲಿ ಜೋತುಬಿದ್ದಿದೆ. ಕೋಲನ್ನು ಗೋಡೆಗೆ ಒರಗಿಸಿ, ಎಡಗೈಯಿಂದ ಪ್ಯಾಡನ್ನು ಬಿಡಿಸಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮತ್ತೆ ಕೋಲು ಹಿಡಿದು ತಿರುಗಿದರು. ತಿರುಗುವಾಗ ಬಲಗಾಲು ಚಾಪೆಯ ಅಂಚಿಗೆ ಸಿಕ್ಕಿತು.

ಅವನು ಬಾಗಿಲಲ್ಲೇ ನಿಂತ. ಕೂಗಿದರೆ ಬೆಚ್ಚಿ ಬೀಳುತ್ತಾರೆ, ಓಡಿದರೂ ಬೀಳುತ್ತಾರೆ. ಮುನ್ನೂರು ಲಿಫ್ಟುಗಳ ನೆತ್ತಿಯ ಮೇಲೆ ನಿಂತು ಕೆಳಗೆ ನೋಡಿದವನಿಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. ಮೇಷ್ಟ್ರು ಕಾಲನ್ನು ನಿಧಾನವಾಗಿ ಬಿಡಿಸಿಕೊಂಡು ಕುರ್ಚಿಗೆ ಬಂದರು.

ದಿಂಬಿನ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದರು. ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು, ಡಬ್ಬಿಯಲ್ಲಿದ್ದ ನೀಲಿ, ಕಪ್ಪು, ಹಸಿರು ಪೆನ್ನುಗಳನ್ನು ಬಿಟ್ಟು ಒಂದು ಪೆನ್ಸಿಲನ್ನು ಆರಿಸಿ ಬೆರಳುಗಳ ನಡುವೆ ತೂರಿಸಿದರು. ನಾಲಿಗೆಯ ತುದಿ ಹೊರಗೆ ಬಂತು. ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆದು ನೋಡಿ, ಆಮೇಲೆ ಚಾರ್ಟಿನ ಮೇಲೆ ಬರೆದರು. ಅಕ್ಷರ, ಬಾಲಕ್ಕೆ ಗೆರೆ. ಹಾಳೆಯನ್ನು ದೂರ ಹಿಡಿದು, ಮಕ್ಕಳ ಉತ್ತರ ಪತ್ರಿಕೆ ನೋಡುವ ಹಾಗೆ ನೋಡಿ, ಮರೆತಿದ್ದ ಎರಡು ಚುಕ್ಕೆ ಇಟ್ಟರು.

"ಅಪ್ಪ."

ಮೇಷ್ಟ್ರು ಬೆಚ್ಚಲಿಲ್ಲ. ಆದರೆ ಕಾಪಿ ಹೊಡೆಯುತ್ತಾ ಸಿಕ್ಕಿಬಿದ್ದ ಹುಡುಗನ ಹಾಗೆ ಮೊಣಕೈಯನ್ನು ನೋಟ್‌ಬುಕ್ಕಿನ ಮೇಲೆ ತಂದರು. ಅವನು ಅದನ್ನು ಮೆತ್ತಗೆ ಎಳೆದುಕೊಂಡ. ಪುಟ ಪುಟವೂ ಅವನ ಸಹಿ. ಮೊದಲ ಪುಟಗಳಲ್ಲಿ ಅದು ಸಹಿಯೇ ಅಲ್ಲ, ಹುಳ ಹರಿದ ಗುರುತು. ಹತ್ತನೆಯ ಪುಟಕ್ಕೆ ಅಕ್ಷರ ಕಾಣಿಸಿಕೊಂಡಿತ್ತು. ಇಪ್ಪತ್ತಕ್ಕೆ ಬಾಲ ಬಂದಿತ್ತು.

"ಯಾಕಪ್ಪ ಹೀಗೆ ಮಾಡಿದ್ರಿ?"

"ಖಾಲಿ ಬಿಟ್ಟರೆ ನಿಮ್ಮಮ್ಮ ಆಚೆ ಹೋಗಲ್ಲ." ಮೇಷ್ಟ್ರ ಮಾತು ನಿಧಾನ, ಒಂದೊಂದೇ ಪದ. "ಇಡೀ ದಿನ ನನ್ನ ಮೂತಿ ನೋಡ್ಕೊಂಡು ಕೂತಿರ್ತಾಳೆ. ನೀನು ಫೋನ್ ಮಾಡಿದ್ದೆ, ಬೀದಿ ತುದೀಲಿದ್ದೀಯ ಅಂತ ಹೇಳಿ ಕಳಿಸ್ತೀನಿ. ವಾಪಸ್ ಬಂದಾಗ ಸಹಿ ನೋಡ್ತಾಳೆ. ಬಂದು ಹೋದ ಅಂದ್ಕೋತಾಳೆ."

"ನನಗೊಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ದರೆ?"

ಅವನು ನೋಟ್‌ಬುಕ್ ಮುಚ್ಚಿ ಮೇಜಿನ ಮೇಲಿಟ್ಟ.

"ಮೊದಲನೇ ದಿನ ಫೋನ್ ಮಾಡಿದೆ. ಎರಡನೇ ದಿನಾನೂ ಮಾಡಿದೆ. ಮೂರನೇ ದಿನ ಮಾಡಲಿಲ್ಲ, ಬರ್ತೀಯೇನೋ ಅಂತ ಏಳು ಗಂಟೆ ತನಕ ಅಂಗಿ ತೋಳು ಮಡಚಿಕೊಂಡು ಕೂತಿದ್ದೆ. ಆಮೇಲೆ ಕಾಯೋದು ಬಿಟ್ಟೆ. ಮೊದಮೊದಲು ಎಡಗೈಲೇ ಹಾಕಿದೆ. ಸುಮ್ನೆ ಕೂತು ಏನ್ ಮಾಡಲಿ, ಬಲಗೈಲೂ ನಿನ್ನ ಸಹಿ ಕಲಿತೆ." ಮೇಷ್ಟ್ರ ತುಟಿಯ ಒಂದು ಬದಿ ಮಾತ್ರ ನಕ್ಕಿತು. "ಮೂವತ್ತಾರು ವರ್ಷ, ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ತಾವೇ ಹಾಕ್ಕೊಂಡು ಬರೋ ಹುಡುಗರನ್ನ ಹಿಡಿದೋನು ನಾನು. ಈಗ ನೋಡು."

ಅವನಿಗೆ ಅಳು ಬಂತು. ಬಂದದ್ದನ್ನು ಅವನು ತಡೆಯಲಿಲ್ಲ. ಲೆಕ್ಕ ಹಾಕಿದ, ಈ ದಿನದ್ದು ಸೇರಿ ನಲವತ್ತಾರು ಸಂಜೆ. ನಲವತ್ತಾರು ಸಲ ಈ ನಾಲ್ಕು ಹೆಜ್ಜೆ ಹೋಗಿ, ಪ್ಯಾಡು ಕಚ್ಚಿಕೊಂಡು, ನಾಲ್ಕು ಹೆಜ್ಜೆ ವಾಪಸು. ಮುಖ ಒರೆಸಿಕೊಂಡು ಪ್ಯಾಡಿಗೆ ಕೈ ಚಾಚಿದ. "ಕೊಡಿ ಅಪ್ಪ, ಇವತ್ತಿನದನ್ನ ಅಳಿಸಿ ನಾನೇ ಹಾಕ್ತೀನಿ."

"ಸಹಿ ಆಗಿದೆ," ಅಂದರು ಮೇಷ್ಟ್ರು. "ಕೆಲಸ ಬಾಕಿ ಇದೆ."

ಅವನು ತೋಳನ್ನು ಹಿಡಿದು ಎತ್ತಿದ. ಮೊದಲ ವಾರದಲ್ಲಿ ಅದು ಭುಜದ ಮಟ್ಟ ಮುಟ್ಟುತ್ತಿತ್ತು. ಈಗ ಎದೆಯ ಹತ್ತಿರಕ್ಕೇ ಸಿಕ್ಕಿಹಾಕಿಕೊಂಡಿತು, ತುಕ್ಕು ಹಿಡಿದ ಬಾಗಿಲಿನ ಹಾಗೆ. ಇನ್ನೊಂದಿಷ್ಟು ಎತ್ತಿದಾಗ ಮೇಷ್ಟ್ರು ಹಲ್ಲು ಕಚ್ಚಿದರು, ಕೂಗಲಿಲ್ಲ. ಇಪ್ಪತ್ತು ನಿಮಿಷ ಅನ್ನುವುದು ಎಷ್ಟು ಉದ್ದ, ಎಷ್ಟು ಬೇಗ ಮುಗಿಯುತ್ತದೆ, ಎರಡೂ ಅವನಿಗೆ ಆ ದಿನ ಗೊತ್ತಾಯಿತು.

ಏಳಕ್ಕೆ ತಾಯಿ ಬಂದಳು. ಕೆನ್ನೆ ಕೆಂಪಗೆ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. "ಅರೆ, ಇನ್ನೂ ಇಲ್ಲೇ ಇದ್ದೀಯಲ್ಲ! ಇವತ್ತು ಮತ್ತೆ ಆಫೀಸಿಗೆ ಹೋಗಲ್ವಾ?"

ಆಗ ಅವನಿಗೆ ತಿಳಿಯಿತು, ಅವಳು ಒಂದು ದಿನವೂ ಹಂಗಿಸಿರಲಿಲ್ಲ. ಪಾಪ ಅಂದದ್ದು ನಿಜವಾಗಿ ಪಾಪ ಅಂತಲೇ. ಅವಳ ಬೆನ್ನ ಹಿಂದೆ ಮೇಷ್ಟ್ರು ಕಣ್ಣಲ್ಲೇ ಬೇಡ, ಹೇಳಬೇಡ ಅಂದರು. ಹೇಳದೆ ಇರಬಹುದಿತ್ತು. ನಾಳೆಯಿಂದ ಸರಿಯಾಗಿ ಬಂದರೆ ಸಾಕು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅಲ್ಲೊಬ್ಬಳು ನರ್ಸಮ್ಮ ಅಳುತ್ತಾ ಕೂತಿದ್ದಳು.

ಹೇಳಿದ. ಎಲ್ಲವನ್ನೂ ಹೇಳಿದ.

ತಾಯಿ ಚಪ್ಪಲಿ ಕಾಲಿನಲ್ಲೇ ಮಂಚದ ತುದಿಗೆ ಕೂತಳು. ಆಮೇಲೆ ಗಂಡನ ಕಡೆ ತಿರುಗಿ, "ಬಿದ್ದಿದ್ದರೆ?" ಅಂದಳು. "ನಾನು ಅಲ್ಲಿ ಅಕ್ಕನ ಜೊತೆ ನಗ್ತಾ ಕೂತಿರ್ತಿದ್ದೆ. ನೀವು ಇಲ್ಲಿ ಬಿದ್ದಿದ್ದರೆ?" ಮೇಷ್ಟ್ರು ತಲೆ ತಗ್ಗಿಸಿದರು. ಮಗನಿಗೆ ಅವಳು ಒಂದು ಮಾತೂ ಅನ್ನಲಿಲ್ಲ. ಎದ್ದು ಹೋಗಿ ಚಪ್ಪಲಿಯನ್ನು ಬೀರುವಿನ ಮೇಲಿನ ಗೂಡಿಗೆ ಎತ್ತಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಅನ್ನಿಸಿತು.

ಮರುದಿನ ಏಜೆನ್ಸಿಗೆ ಹೋಗಿ, ತಪ್ಪು ತನ್ನದು ಅಂತ ಬರೆದುಕೊಟ್ಟ. ನರ್ಸಮ್ಮ ಸೋಮವಾರ ಬಂದಳು. "ನನ್ನ ಪೆನ್ನು ನೋಡಿ ಕಳ್ಳಿ ಅಂದ್ಕೊಂಡ್ರಾ ಸಾರ್?" ಅಂತ ಒಂದೇ ಸಲ ಕೇಳಿದಳು. ಅವನು ಕೈ ಮುಗಿದ. ಆವತ್ತಿನಿಂದ ಅವಳು ತಾಯಿಯ ಹತ್ತಿರ, ಮೇಷ್ಟ್ರ ಹತ್ತಿರ ಹರಟುತ್ತಾಳೆ, ಇವನಿಗೆ ಹೌದು, ಇಲ್ಲ ಬಿಟ್ಟರೆ ಮೂರನೆಯ ಮಾತಿಲ್ಲ. ಫಿಸಿಯೋ ಮೇಡಂ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ನಿಮ್ಮ ಚಾರ್ಟನ್ನ ಇನ್ನು ನಾನು ಯಾರಿಗೂ ತೋರಿಸಲ್ಲ" ಅಂದರು. ಮುಖ್ಯ ಇನ್ಸ್‌ಪೆಕ್ಟರಿಗೆ, ದಿನಾ ಐದಕ್ಕೆ ಹೊರಡುತ್ತೇನೆ, ಮುನ್ನೂರ ಹತ್ತರಲ್ಲಿ ಅರವತ್ತು ನನ್ನಿಂದ ಆಗುವುದಿಲ್ಲ ಅಂತ ಹೇಳಿದ. ಅವರು ಅರವತ್ತನ್ನು ಇನ್ನೊಬ್ಬನಿಗೆ ಕೊಟ್ಟರು. ವರ್ಷದ ಕೊನೆಯ ಬಡ್ತಿಯನ್ನೂ ಅವನಿಗೇ ಕೊಟ್ಟರು. ಇವನಿಗೆ ಹೊಟ್ಟೆ ಉರಿಯಿತು, ಇಲ್ಲ ಅಂತ ಯಾಕೆ ಹೇಳಲಿ? ಆದರೂ ಐದಕ್ಕೆ ಹೊರಟ.

ಆರನೆಯ ತಿಂಗಳು ಮುಗಿದ ದಿನ ಮೇಡಂ ಬಂದು ಅಳತೆ ಹಿಡಿದರು. ಮೇಷ್ಟ್ರ ಬಲಗೈ ಬರೆಯುತ್ತಿತ್ತು, ಗುಂಡಿ ಹಾಕುತ್ತಿತ್ತು, ಚಮಚ ಹಿಡಿಯುತ್ತಿತ್ತು. ತೋಳು ಮಾತ್ರ ಕಿವಿಯ ಮಟ್ಟಕ್ಕೆ ಬಂದು ನಿಂತಿತು.

"ಸರಿಯಾಗಿ ಮಾಡಿದ್ದರೆ?" ಅಂತ ಅವನೇ ಕೇಳಿದ.

"ತಲೆಯ ಮೇಲಕ್ಕೆ ಹೋಗ್ತಿತ್ತು," ಅಂದರು ಮೇಡಂ. ಮುಚ್ಚಿಟ್ಟು ಹೇಳುವ ಹೆಂಗಸಲ್ಲ ಅವರು.

ಅಷ್ಟರವರೆಗೂ ತಾಯಿ ಸಂಜೆ ಎಲ್ಲಿಗೂ ಹೋಗಿರಲಿಲ್ಲ. ಎರಡು ತಿಂಗಳು, ಆರು ಗಂಟೆಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತು, ಇಪ್ಪತ್ತು ನಿಮಿಷವೂ ನೋಡಿ, ಅವನು ಸಹಿ ಹಾಕಿದ ಮೇಲೆಯೇ ಏಳುತ್ತಿದ್ದಳು. "ನೀನು ಹೋಗಿ ಬಾರಮ್ಮ, ನಾನಿದ್ದೀನಲ್ಲ" ಅಂತ ಅವನು ದಿನಾ ಹೇಳುತ್ತಿದ್ದ. ಅವಳು ಕೇಳಿಸದವಳ ಹಾಗೆ ಇರುತ್ತಿದ್ದಳು. ಕೊನೆಗೆ ಒಂದು ದಿನ ದೊಡ್ಡಮ್ಮನೇ ಬಂದು ಗೇಟಿನಲ್ಲಿ ನಿಂತು ಕೂಗಿದಾಗ, ಗೂಡಿನಿಂದ ಚಪ್ಪಲಿ ಇಳಿಸಿದಳು.

ಆ ದಿನ ಆರು ಹತ್ತಕ್ಕೆ ಅಪ್ಪನ ಮೇಜಿನ ಮೇಲಿನ ಲ್ಯಾಂಡ್‌ಲೈನ್ ಫೋನು ರಿಂಗಾಯಿತು. ಎಷ್ಟೋ ವರ್ಷದಿಂದ ಯಾರೂ ಬಳಸದೆ ಧೂಳು ಹಿಡಿದು ಕೂತಿದ್ದ ಫೋನು. ಅವನು ಒಂದು ಕೈಯಲ್ಲಿ ಅಪ್ಪನ ತೋಳನ್ನು ಎತ್ತಿ ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ ರಿಸೀವರ್ ಎತ್ತಿ, "ಹಲೋ" ಅಂದ. ಆ ಕಡೆ ದೊಡ್ಡಮ್ಮನ ಮಾತು, ಮಕ್ಕಳ ಗದ್ದಲ, ತಾಯಿಯ ಉಸಿರು. ಅವಳು ಏನೂ ಹೇಳದೆ ಇಟ್ಟುಬಿಟ್ಟಳು.

ಅಂದಿನಿಂದ ದಿನಾ ಆರು ಹತ್ತಕ್ಕೆ ಅದು ರಿಂಗಾಗುತ್ತದೆ. ಅವಳು ಮೊಬೈಲಿಗೆ ಮಾಡುವುದಿಲ್ಲ. ಮೊಬೈಲಾದರೆ ಎಲ್ಲಿಂದ ಬೇಕಾದರೂ ಹಲೋ ಅನ್ನಬಹುದು.